ಊರಿಗೆ ಬಂದ ದಿನ ಕಳೆಯುವ ಲೆಕ್ಕ

ಮೂವತ್ತೊಂದನೆಯ ವಯಸ್ಸಿಗೆ ನಾನು ನಿವೃತ್ತಳಾದೆ ಎಂದರೆ ಜನ ನಗುತ್ತಾರೆ. ನಗುವವರಿಗೆ ನನ್ನದೊಂದು ಪ್ರಶ್ನೆ: ನಿವೃತ್ತಿಗೆ ಏನೇನು ಬೇಕು? ಕೆಲಸ ಮುಗಿದಿರಬೇಕು. ಶಾಲು ಹೊದಿಸಿರಬೇಕು. ಹಣ್ಣಿನ ಬುಟ್ಟಿ ಕೊಟ್ಟಿರಬೇಕು. ‘ಇವರ ಸೇವೆಯನ್ನು ಸಂಸ್ಥೆ ಎಂದೂ ಮರೆಯುವುದಿಲ್ಲ’ ಎಂದು ಯಾರಾದರೂ ಗಡಿಯಾರ ನೋಡುತ್ತಾ ಹೇಳಿರಬೇಕು. ನನಗೆ ಇದೆಲ್ಲವೂ ಆಗಿದೆ. ಇನ್ನು ಉಳಿದದ್ದು ವಯಸ್ಸು ಮಾತ್ರ. ಅದು ನನ್ನ ಕೈಯಲ್ಲಿಲ್ಲ.

ಈಗ ಮೂಡುಬಿದಿರೆಯಲ್ಲಿದ್ದು ಕಾಲೇಜು ಮಕ್ಕಳಿಗೆ ಚರ್ಚಾಸ್ಪರ್ಧೆಯ ತರಬೇತಿ ಕೊಡುತ್ತೇನೆ. ನನ್ನಲ್ಲಿ ಕಲಿತ ಬೆಳ್ತಂಗಡಿಯ ಇಬ್ಬರು ಹುಡುಗಿಯರು ಮೊನ್ನೆ ಬಂದು, “ಅಕ್ಕ, ನಮಗೂ ಅಮೆರಿಕದ ಟ್ಯಾಕ್ಸ್ ಮಾಡುವ ಆಫೀಸಿನಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ನಿಜವಾಗಿ ಎಂತ ಮಾಡ್ಲಿಕ್ಕೆ ಉಂಟು?” ಎಂದು ಕೇಳಿದರು. ಐದು ನಿಮಿಷದ ಉತ್ತರ ಶುರುಮಾಡಿದೆ, ಗಂಟೆಯಾದರೂ ಮುಗಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬಡ್ತಿಗಳ ಬಗ್ಗೆ ಏನೂ ಇರುವುದಿಲ್ಲ. ನಮ್ಮ ಆಫೀಸಿನಲ್ಲಿ ಇದ್ದದ್ದು ಒಂದೇ ಕ್ಯಾಬಿನ್, ಅದರಲ್ಲಿ ಜಯರಾಮ ಸರ್ ಇದ್ದರು. ಅವರು ಏಳುವ ಲಕ್ಷಣ ಕಾಣಲಿಲ್ಲ.

ಬಿ.ಸಿ.ರೋಡಿನಲ್ಲಿ ಕೆಳಗೆ ಬೇಕರಿ, ನಡುವೆ ಹಲ್ಲಿನ ಡಾಕ್ಟರು, ಅದರ ಮೇಲೆ ನಾವು. ಅಮೆರಿಕದ ಒಂದು ಲೆಕ್ಕಪತ್ರದ ಆಫೀಸು ತನ್ನ ಗಿರಾಕಿಗಳ ಕಾಗದಗಳನ್ನು ಇಲ್ಲಿಗೆ ಕಳಿಸುತ್ತಿತ್ತು. ನಾವು ರಿಟರ್ನ್ ತುಂಬಿಸಿ ವಾಪಸು ಕಳಿಸುತ್ತಿದ್ದೆವು. ಅವರು ಸಹಿ ಹಾಕುತ್ತಿದ್ದರು. ಸಂದರ್ಶನಕ್ಕೆ ಹೋದ ದಿನ ಜಯರಾಮ ಸರ್ ನನ್ನ ಬಯೋಡೇಟಾವನ್ನು ಕನ್ನಡಕದ ಮೇಲಿನಿಂದ ನೋಡಿದರು.

“ಚರ್ಚಾಸ್ಪರ್ಧೆಯ ಬಹುಮಾನ ತುಂಬ ಉಂಟಲ್ಲ. ಪರವಾ, ವಿರೋಧವಾ?”

“ಎರಡೂ ಸರ್. ಚೀಟಿ ಎತ್ತಿದಾಗ ಯಾವುದು ಬಂತೋ ಅದು.”

“ಹಾಗಾದ್ರೆ ನಿನಗೆ ನಿನ್ನದು ಅಂತ ಅಭಿಪ್ರಾಯ ಇಲ್ವಾ?”

“ಉಂಟು ಸರ್. ಅದು ಸ್ಪರ್ಧೆ ಮುಗಿದ ಮೇಲೆ.”

“ಇಲ್ಲಿ ಸ್ಪರ್ಧೆ ಇಲ್ಲ ಮಾರಾಯ್ತಿ. ಫಾರ್ಮ್ ಉಂಟು. ಫಾರ್ಮಿಗೆ ಅಭಿಪ್ರಾಯ ಇಲ್ಲ. ನಾಳೆಯಿಂದ ಬಾ.”

ಫಾರ್ಮಿಗೂ ಅಭಿಪ್ರಾಯ ಇದೆ ಎಂದು ತಿಳಿಯಲು ಒಂದು ಸೀಸನ್ ಸಾಕಾಯಿತು. ಜಗತ್ತಿನ ಪ್ರತಿಯೊಂದು ಮನೆಗೂ ನಂಬರ್ ಇದೆ ಎಂಬುದು ಅದರ ದೃಢವಾದ ಅಭಿಪ್ರಾಯ. ಅಳದಂಗಡಿಯ ಗಿರಾಕಿಯೊಬ್ಬರು ವಿಳಾಸದ ಜಾಗದಲ್ಲಿ ‘ಹಳೇ ಅಕ್ಕಿ ಮಿಲ್ಲಿನ ಎದುರು ಇಳಿದು ಯಾರನ್ನು ಕೇಳಿದರೂ ಹೇಳುತ್ತಾರೆ’ ಎಂದು ಬರೆದು ಕಳಿಸಿದ್ದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕಂಪ್ಯೂಟರ್ ಒಪ್ಪಲಿಲ್ಲ. ನನ್ನ ಪಕ್ಕದ ಮೇಜಿನ ಲವೀನಾ, ಮಡಂತ್ಯಾರಿನವಳು, ಇಂಥದನ್ನು ಬಿಡಿಸುವುದರಲ್ಲಿ ನಿಸ್ಸೀಮಳು. “ಮಿಲ್ಲಿಗೆ ಕರೆಂಟ್ ಬಿಲ್ಲು ಬರ್ತದಲ್ಲ? ಅದರಲ್ಲಿ ನಂಬರ್ ಇರ್ತದೆ. ಎದುರು ಅಂತ ಹಾಕುವ,” ಎಂದಳು. ಅಮೆರಿಕದ ದಾಖಲೆಗಳಲ್ಲಿ ಆ ಮನುಷ್ಯ ಇಂದಿಗೂ ಮುಚ್ಚಿದ ಅಕ್ಕಿ ಮಿಲ್ಲಿನ ಎದುರು ನಿಂತಿದ್ದಾನೆ.

ನಮ್ಮ ಪಾಲಿಗೆ ಹೆಚ್ಚು ಬರುತ್ತಿದ್ದವರು ಅಮೆರಿಕದ ಪಾಸ್‌ಪೋರ್ಟ್ ಇಟ್ಟುಕೊಂಡು ಕೆಲಸಕ್ಕಾಗಿ ವರ್ಷದ ನಡುವೆ ಬೇರೆ ದೇಶಕ್ಕೆ ಹೊರಟವರು. ಲವೀನಾ ಅವರಿಗೆ ‘ಅರ್ಧ ವರ್ಷದವರು’ ಎಂದು ಹೆಸರಿಟ್ಟಿದ್ದಳು. ಅಂಥವರ ರಿಟರ್ನಿನಲ್ಲಿ ಒಬ್ಬನೇ ಮನುಷ್ಯ ಇಬ್ಬರಾಗಿರುತ್ತಾನೆ. ಮೊದಲರ್ಧದವನಿಗೆ ಅಮೆರಿಕದ ಸಂಬಳ, ಅಲ್ಲಿಯ ಬಾಡಿಗೆ ಮನೆ, ಅಲ್ಲಿಯ ರಾಜ್ಯದ ತೆರಿಗೆ. ಎರಡನೆಯರ್ಧದವನಿಗೆ ರಿಯಾಲಿನ ಸಂಬಳ, ಕಂಪನಿಯ ಫ್ಲ್ಯಾಟ್. ಇಬ್ಬರನ್ನೂ ಒಂದೇ ಕಾಗದದಲ್ಲಿ ಕೂರಿಸಬೇಕು. ಇಬ್ಬರೂ ಒಬ್ಬರನ್ನೊಬ್ಬರು ಗುರುತಿಸಲು ಒಪ್ಪುವುದಿಲ್ಲ.

ಬೆಳ್ತಂಗಡಿ ಕಡೆಯ ಎಂಜಿನಿಯರ್ ಒಬ್ಬರು ದುಬೈಯಿಂದ ಫೋನ್ ಮಾಡಿದ್ದು ನೆನಪಿದೆ.

“ಮೇಡಂ, ದುಬೈಯಲ್ಲಿ ಟ್ಯಾಕ್ಸ್ ಇಲ್ಲ. ಅಮೆರಿಕದಲ್ಲಿ ನಾನಿಲ್ಲ. ಮತ್ತೆ ಯಾರಿಗೆ ಎಂತ ಬರೆದು ಕೊಡುವುದು?”

ವಾದವಾಗಿ ನೋಡಿದರೆ ಸೊಗಸಾಗಿತ್ತು. ಸ್ಪರ್ಧೆಯಾಗಿದ್ದರೆ ನಾನೇ ಚಪ್ಪಾಳೆ ತಟ್ಟುತ್ತಿದ್ದೆ. ದುರದೃಷ್ಟವಶಾತ್ ತೀರ್ಪುಗಾರರು ಅಮೆರಿಕದಲ್ಲಿದ್ದರು. ಆ ದೇಶ ತನ್ನ ಪ್ರಜೆ ಎಲ್ಲಿಗೆ ಹೋದರೂ ಲೆಕ್ಕ ಕೇಳುತ್ತದೆ. ತೆರಿಗೆ ಕೊಡಬೇಕಾಗಿ ಬರಲಿ ಬಾರದಿರಲಿ, ರಿಟರ್ನ್ ಕೊಡಲೇಬೇಕು. ನಾನು ಕಾನೂನಿನ ಕಲಮುಗಳನ್ನು ಒಂದೊಂದಾಗಿ ಹೇಳತೊಡಗಿದೆ. ಅವರು “ಹಲೋ, ಹಲೋ, ಕೇಳ್ತಾ ಇಲ್ಲ” ಎನ್ನತೊಡಗಿದರು. ಜಯರಾಮ ಸರ್ ಫೋನು ಇಸಿದುಕೊಂಡರು.

“ನೋಡಿ, ನೀವು ಬೊಂಬಾಯಿಯಲ್ಲಿರಿ, ದುಬೈಯಲ್ಲಿರಿ, ಕುಟುಂಬದ ದೈವಕ್ಕೆ ವರ್ಷಕ್ಕೊಮ್ಮೆ ಕಾಣಿಕೆ ಕಳಿಸ್ತೀರಾ ಇಲ್ವಾ? ಎದುರು ಬಂದು ನಿಲ್ಲಲೇಬೇಕು ಅಂತ ಇಲ್ಲ. ಆದ್ರೆ ಎಲ್ಲಿದ್ದೇನೆ, ಎಂತ ಮಾಡ್ತಿದ್ದೇನೆ ಅಂತ ಒಪ್ಪಿಸಬೇಕು. ಇದೂ ಹಾಗೇ.”

ಆ ಮನುಷ್ಯ ಅಂದೇ ಎಲ್ಲ ಕಾಗದ ಕಳಿಸಿದರು. ನನಗೆ ಸಿಟ್ಟು ಬಂತು. ಈ ಹೋಲಿಕೆಯಲ್ಲಿ ತರ್ಕದ ದೋಷ ಮೂರು ಇದೆ, ಪಟ್ಟಿ ಮಾಡಿ ಕೊಡುತ್ತೇನೆ ಎಂದೆ. “ಕೊಡು,” ಎಂದರು ಸರ್, “ಕಾಗದ ಬಂದಾಯ್ತಲ್ಲ, ಇನ್ನು ಆರಾಮಕ್ಕೆ ಓದ್ತೇನೆ.”

ಹೊಸದಾಗಿ ಸೇರುವವರಿಗೆ ಒಂದು ಮಾತು. ಗಿರಾಕಿ ದೇಶ ಬಿಟ್ಟಿದ್ದಾನೆ ಎಂದರೆ ನಂಬಬೇಡಿ, ಅವನ ಸಾಮಾನು ಎಲ್ಲಿದೆ ಎಂದು ಕೇಳಿ. ಅಬುಧಾಬಿಗೆ ಹೋದ ಒಬ್ಬರು ಅಮೆರಿಕದ ಒಂದು ರಾಜ್ಯದಲ್ಲಿ ಬಾಡಿಗೆ ಕೋಣೆ ಹಿಡಿದು ಸೋಫಾ, ಕಾರು, ಚಳಿಗಾಲದ ಕೋಟು ಎಲ್ಲವನ್ನೂ ಬಿಟ್ಟುಹೋಗಿದ್ದರು. ಸಾಮಾನು ಇಲ್ಲಿದೆ, ಲೈಸೆನ್ಸ್ ಇಲ್ಲಿಯದು, ಅಂದಮೇಲೆ ನೀವು ಹೋಗಿಯೇ ಇಲ್ಲ ಎಂದು ಆ ರಾಜ್ಯದವರು ಪಟ್ಟು ಹಿಡಿದರು. ಮನುಷ್ಯ ಮರಳುಗಾಡಿನಲ್ಲಿ ಬೆವರುತ್ತಿದ್ದ, ಅವನ ಕೋಟು ಅಮೆರಿಕದಲ್ಲಿ ವಾಸವಾಗಿತ್ತು. ದೇಶದ ತೆರಿಗೆ ಬೇರೆ, ರಾಜ್ಯದ್ದು ಬೇರೆ ಎಂಬುದನ್ನು ನಾನು ಕಲಿತದ್ದು ಆ ಕೋಟಿನಿಂದ.

ಇನ್ನು ಮೇಲಧಿಕಾರಿಗಳು. ನನಗಿದ್ದದ್ದು ಒಬ್ಬರೇ, ಆದರೆ ಹಲವರಿಗೆ ಸಾಲುವಷ್ಟು. ಜಯರಾಮ ಸರ್ ಪ್ರಾಯದಲ್ಲಿ ದಮಾಮಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿದವರು. ವಾಪಸು ಬಂದ ಮೇಲೆ ಬಿ.ಸಿ.ರೋಡಿನಲ್ಲಿ ಕುಳಿತು ಗಲ್ಫಿನವರ ಇಂಡಿಯಾದ ತೆರಿಗೆ ನೋಡುತ್ತಿದ್ದರು. ಅಮೆರಿಕದ ಕೆಲಸ ಬಂದದ್ದು ಆಮೇಲೆ. ಬಂಟ್ವಾಳದಿಂದ ಫರಂಗಿಪೇಟೆಯವರೆಗೆ ಗಲ್ಫಿಗೆ ಹೋದವರ ಮನೆಯಲ್ಲೆಲ್ಲ ಅವರ ಒಂದು ಮಾತು ಬಾಯಿಪಾಠ: ಊರಿನಲ್ಲಿ ದಿನ ಹೆಚ್ಚಾಗಬಾರದು. ಒಂದು ಮಿತಿ ದಾಟಿ ಊರಿನಲ್ಲಿ ನಿಂತರೆ ಎನ್ನಾರೈ ಎಂಬ ಸ್ಥಾನ ಹೋಯಿತು, ಇಂಡಿಯಾದ ತೆರಿಗೆಯವರು ಬಂದರು. ಯಾರಾದರೂ ಪಾಸ್‌ಪೋರ್ಟ್ ಕೊಟ್ಟರೆ ಜ್ಯೋತಿಷಿ ಜಾತಕ ಹಿಡಿದಂತೆ ಹಿಡಿದು, ಮೊಹರುಗಳ ಮೇಲೆ ಬೆರಳಾಡಿಸಿ, “ನಿನಗೆ ಈ ವರ್ಷ ಇನ್ನು ಊರಿನ ಯೋಗ ಇಲ್ಲ” ಎನ್ನುತ್ತಿದ್ದರು.

ಅಮೆರಿಕದ ಲೆಕ್ಕಕ್ಕೂ ಅದೇ ಬೆರಳು. ಹೊರದೇಶದಲ್ಲಿ ದುಡಿಯುವ ತನ್ನ ಪ್ರಜೆಗೆ ಅಮೆರಿಕ ಒಂದು ರಿಯಾಯಿತಿ ಕೊಡುತ್ತದೆ. ಸತತ ಹನ್ನೆರಡು ತಿಂಗಳಲ್ಲಿ ಮುನ್ನೂರ ಮೂವತ್ತು ಪೂರ್ತಿ ದಿನ ಹೊರದೇಶದಲ್ಲಿದ್ದರೆ, ಅಲ್ಲಿ ದುಡಿದ ಸಂಬಳದ ದೊಡ್ಡ ಪಾಲಿಗೆ ಅಮೆರಿಕದ ತೆರಿಗೆ ತಗಲುವುದಿಲ್ಲ. ವರ್ಷದ ನಡುವೆ ಹೋದವನ ಹನ್ನೆರಡು ತಿಂಗಳು ಮುಂದಿನ ವರ್ಷದ ನಡುವಿನವರೆಗೂ ನಡೆಯುತ್ತದೆ. ಅಲ್ಲಿಯವರೆಗೆ ರಿಟರ್ನಿಗೆ ಸಮಯ ಕೇಳಿಕೊಂಡು ಕಾಯಬೇಕು. ಇಷ್ಟು ಅಮೆರಿಕದ್ದು. ಇದರ ಮೇಲೆ ಸರ್ ಒಂದು ಶೀಟು ಮಾಡಿದ್ದರು. ಅದರಲ್ಲಿ ಮೂರು ಕಾಲಂ: ಗಲ್ಫ್, ಅಮೆರಿಕ, ಊರು. ಗಲ್ಫಿನ ದಿನ ಕೂಡಿಸು. ಅಮೆರಿಕದ ದಿನ ಕಳೆ. ಊರಿನ ದಿನವನ್ನೂ ಕಳೆ. ನಾವೆಲ್ಲರೂ ವರ್ಷಗಟ್ಟಲೆ ಕಳೆದೆವು. ಎಲ್ಲವನ್ನೂ ಪ್ರಶ್ನಿಸುತ್ತೇನೆಂದು ಮೆರೆಯುತ್ತಿದ್ದ ನನಗೂ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ರಜೆಯಲ್ಲಿ ಮನೆಗೆ ಬಂದವನು ಫಾರಿನ್‌ನಲ್ಲಿದ್ದಾನೆ ಎಂದು ನಮ್ಮ ಕಡೆ ಯಾರಾದರೂ ಹೇಳುತ್ತಾರೆಯೇ?

ಹಾಗಿರುವಾಗ ಹನೀಫ್ ಅವರ ಕಾಗದ ಬಂತು.

ಹನೀಫ್ ಪಾಣೆಮಂಗಳೂರಿನವರು. ಅವರ ತಂದೆ ದಮಾಮಿನಲ್ಲಿ ಜಯರಾಮ ಸರ್ ಇದ್ದ ಕೋಣೆಯಲ್ಲೇ ಇದ್ದವರು, ಈಗಿಲ್ಲ. ಮಗ ಅಮೆರಿಕಕ್ಕೆ ಹೋಗಿ ಅಲ್ಲಿಯ ಪ್ರಜೆಯೂ ಆಗಿ, ಆ ವರ್ಷದ ನಡುವೆ ಕೆಲಸಕ್ಕಾಗಿ ದೋಹಾಕ್ಕೆ ಬಂದಿದ್ದರು. ಊರಿನಲ್ಲಿ ತಾಯಿ ಖತೀಜಮ್ಮ, ತಂಗಿ ನಸೀಮಾ. ಮುಂದಿನ ಏಪ್ರಿಲಿನಲ್ಲಿ ನಸೀಮಾಳ ನಿಕಾಹ್ ಎಂದು ನಿಶ್ಚಯವಾಗಿತ್ತು. ತಂದೆ ಇಲ್ಲದ ಮನೆಯಲ್ಲಿ ಆ ಸ್ಥಾನ ಅಣ್ಣನದು: ಗುರುಗಳ ಮುಂದೆ ಕುಳಿತು, ವರನ ಕೈ ಹಿಡಿದು, ತಂಗಿಯನ್ನು ಕೊಟ್ಟಿದ್ದೇನೆ ಎಂದು ಅವನು ಹೇಳಬೇಕು. ಬರಲಾಗದಿದ್ದರೆ ಇನ್ನೊಬ್ಬರಿಗೆ ಒಪ್ಪಿಸಬಹುದು. ಒಪ್ಪಿಸಬಹುದು ಎಂಬುದಕ್ಕೂ ಬರುವುದಕ್ಕೂ ಇರುವ ಅಂತರ ಗೊತ್ತಿರುವವರಿಗೆ ಗೊತ್ತಿದೆ.

ಅಮೆರಿಕದ ಮನೆ ಮಾರಲು ಹನೀಫ್ ಡಿಸೆಂಬರಿನಲ್ಲಿ ಮೂರು ವಾರ ಅಲ್ಲಿಗೆ ಹೋಗಲೇಬೇಕಿತ್ತು. ಸರ್ ಶೀಟು ಹಾಕಿದರು. ಮುನ್ನೂರ ಮೂವತ್ತು ಕಳೆದು ಉಳಿಯುವ ಮೂವತ್ತೈದು ದಿನಗಳಲ್ಲಿ ಹೆಚ್ಚಿನವು ಅಮೆರಿಕದ ಕಾಲಮಿನಲ್ಲೇ ತಿಂದುಹೋಗಿದ್ದವು. ಫೋನಿನಲ್ಲಿ ಹೇಳಿದರು: “ಹನೀಫ್, ನೀನು ಊರಿಗೆ ಬಂದು ಒಂದು ತಿಂಗಳು ನಿಂತರೆ ಎಲ್ಲ ಹೋಯ್ತು ಮಾರಾಯ. ಸಂಬಳಕ್ಕೆ ಪೂರ್ತಿ ಟ್ಯಾಕ್ಸ್ ಬೀಳ್ತದೆ.”

“ಆಯ್ತು ಸರ್. ಹಾಗಾದ್ರೆ ನಾನು ಬರುವುದೇ ಇಲ್ಲ,” ಎಂದರು ಹನೀಫ್.

ಎಷ್ಟು ಬೇಗ ಎಂದರೆ, ಸರ್ ಹೇಳಿ ಮುಗಿಸುವುದರೊಳಗೆ.

ಮುಂದಿನ ಸೋಮವಾರ ಖತೀಜಮ್ಮ ನಸೀಮಾಳನ್ನು ಕರೆದುಕೊಂಡು ಎರಡು ಮಾಳಿಗೆ ಹತ್ತಿ ಬಂದರು. ಕುಳಿತುಕೊಳ್ಳಿ ಎನ್ನುವ ಮೊದಲೇ ಕುಳಿತರು.

“ಜಯರಾಮಣ್ಣ, ನನ್ನ ಮಗ ಅಮೆರಿಕದವರಿಗೆ ಎಂತ ಮಾಡಿದ್ದಾನೆ?”

“ಎಂತ ಮಾಡ್ಲಿಲ್ಲ ಖತೀಜಕ್ಕ.”

“ಮತ್ತೆ ತಂಗಿಯ ನಿಕಾಹಿಗೆ ಬಿಡುವುದಿಲ್ಲವಂತೆ? ಬಂದ್ರೆ ಟ್ಯಾಕ್ಸ್ ಹಾಕ್ತಾರಂತೆ? ಮದುವೆಗೆ ಹೋದ್ರೆ ಟ್ಯಾಕ್ಸ್ ಹಾಕುವ ಸರಕಾರ ಯಾವುದು?”

“ಹಾಗಲ್ಲ ಅಕ್ಕ. ಅದು ದಿನದ ಲೆಕ್ಕ ಉಂಟು…”

“ಎಂಥ ದಿನದ ಲೆಕ್ಕ? ಅವನ ಬಾಪ ಎರಡು ವರ್ಷಕ್ಕೊಮ್ಮೆ ಬರ್ತಿದ್ರು. ಆಗ ನಾನು ಲೆಕ್ಕ ಮಾಡ್ತಿದ್ದೆ. ಈಗ ಅಮೆರಿಕದವರು ಮಾಡ್ತಾರಾ?”

“ಉಮ್ಮ, ಮೆಲ್ಲ,” ಎಂದಳು ನಸೀಮಾ.

“ಮೆಲ್ಲ ಎಂತದ್ದು? ಮದುವೆ ನಿನ್ನದಲ್ವಾ?” ಎಂದವರು ನನ್ನ ಕಡೆ ತಿರುಗಿದರು. “ಮಗಳೇ, ನೀನು ಓದಿದವಳು. ನೀನು ಹೇಳು. ಇದು ಎಲ್ಲಿ ಬರೆದುಂಟು?”

ಇಂಥ ಪ್ರಶ್ನೆಗೆ ಸುಮ್ಮನಿರಲು ನನಗೆ ಯಾರೂ ಕಲಿಸಿರಲಿಲ್ಲ. “ಉಮ್ಮ, ಅವರು ಈಗ ಅಮೆರಿಕದಲ್ಲಿ ಇರುವುದಲ್ಲವಲ್ಲ, ಅವರು ಈಗ…” ಎಂದು ಶುರುಮಾಡಿದೆ.

“ಶ್ರಾವ್ಯಾ! ಚಾ! ಕೆಳಗೆ ಹೋಗಿ ನಾಲ್ಕು ಚಾ ಹೇಳು. ಈಗಲೇ!”

ಸರ್ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ. ಲವೀನಾಳ ಕೈಯಿಂದ ಸ್ಟೇಪ್ಲರ್ ಬಿತ್ತು. ಖತೀಜಮ್ಮ ನನ್ನನ್ನು ನೋಡಿದರು, ಸರ್ ಮುಖ ನೋಡಿದರು, ಮತ್ತೆ ನನ್ನನ್ನು ನೋಡಿದರು.

“ನನಗೆ ಚಾ ಬೇಡ. ಇವತ್ತು ನೋಂಬು,” ಎಂದು ಎದ್ದರು. ಉಪವಾಸದಲ್ಲೂ ಅಷ್ಟು ಮೆಟ್ಟಿಲು ಹತ್ತಿದ್ದರು. ಬಾಗಿಲಲ್ಲಿ ನಿಂತು ನನಗೆ ಹೇಳಿದರು: “ಎಲ್ಲಿ ಬರೆದುಂಟು ಅಂತ ನೋಡಿ ಇಡು ಮಗಳೇ.”

ಅವರು ಇಳಿದುಹೋದ ಮೇಲೆ ಸರ್ ನನ್ನನ್ನು ಕ್ಯಾಬಿನ್ನಿಗೆ ಕರೆದರು. ಆಗ ವಿಷಯ ತಿಳಿಯಿತು. ಅಮೆರಿಕದ ಕಂಪನಿ ಜನ ಕಡಿಮೆ ಮಾಡುವಾಗ ಹನೀಫರನ್ನೂ ಕಡಿಮೆ ಮಾಡಿತ್ತು. ದೋಹಾದಲ್ಲಿ ಸಿಕ್ಕಿದ್ದು ಅದಕ್ಕಿಂತ ಸಣ್ಣ ಕೆಲಸ. ಅಮೆರಿಕದ ಅಣ್ಣ ಎಂದು ಹೇಳಿಯೇ ನಸೀಮಾಳಿಗೆ ಸಂಬಂಧ ಕುದುರಿತ್ತು. ಇದನ್ನು ಹನೀಫ್ ಮನೆಯಲ್ಲಿ ಇನ್ನೂ ಹೇಳಿರಲಿಲ್ಲ.

“ಅವರಿಗೆ ಗೊತ್ತಿಲ್ವಾ?” ಎಂದೆ.

“ಇಲ್ಲ. ನೀನು ಇನ್ನೊಂದು ಶಬ್ದ ಹೇಳಿದ್ರೆ ಗೊತ್ತಾಗ್ತಿತ್ತು.”

ಇಲ್ಲಿ ಸರ್ ಮಾಡಿದ್ದು ಸರಿ. ಗಿರಾಕಿಯ ವಿಷಯ ಅವನ ತಾಯಿಗೂ ಹೇಳಬಾರದು; ಹೊಸಬರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಆದರೆ ಖತೀಜಮ್ಮ ಕೇಳಿದ್ದು ನನ್ನ ಶಾಲೆಯ ಪ್ರಶ್ನೆ. ಆಧಾರ ಎಲ್ಲಿ? ತೋರಿಸು. ಒಂಬತ್ತು ಜನರ ಆಫೀಸಿನಲ್ಲಿ ಆ ಪ್ರಶ್ನೆಯನ್ನು ಕೇಳಲು ಪಾಣೆಮಂಗಳೂರಿನಿಂದ ಬರಬೇಕಾಯಿತು. ಅಂದು ಕುಳಿತು ಅಮೆರಿಕದ ತೆರಿಗೆ ಇಲಾಖೆಯ ಸೂಚನೆಗಳನ್ನು ಮೊದಲಿನಿಂದ ಓದಿದೆ. ಹೊರದೇಶದಲ್ಲಿರಬೇಕು ಎಂದಿತ್ತು. ಕೆಲಸಕ್ಕೇ ಇರಬೇಕೆಂದಿಲ್ಲ, ರಜೆಯಲ್ಲಿದ್ದರೂ ಸರಿ ಎಂದಿತ್ತು. ಕೆಲಸ ಮಾಡುವ ದೇಶದಲ್ಲೇ ಇರಬೇಕೆಂದೂ ಇರಲಿಲ್ಲ. ಊರು ಎಂಬ ಕಾಲಂ ಎಲ್ಲಿಯೂ ಇರಲಿಲ್ಲ.

ಮರುದಿನ ಸರ್ ಮುಂದೆ ನಿಂತೆ. ಲವೀನಾ ತೀರ್ಪುಗಾರರಂತೆ ಕುರ್ಚಿ ತಿರುಗಿಸಿಕೊಂಡಳು.

“ಸರ್, ಪಾಣೆಮಂಗಳೂರು ಯಾವ ದೇಶದಲ್ಲಿದೆ?”

“ಬೆಳಿಗ್ಗೆ ಬೆಳಿಗ್ಗೆ ಎಂತ ಮಾರಾಯ್ತಿ ನಿನ್ನದು?”

“ಹೇಳಿ ಸರ್.”

“ಇಂಡಿಯಾ.”

“ಅಮೆರಿಕದವರಿಗೆ ಇಂಡಿಯಾ ಸ್ವದೇಶವಾ, ಹೊರದೇಶವಾ?”

“ಅವರಿಗೆ ಹೊರದೇಶ. ಆದ್ರೆ ಹನೀಫನಿಗೆ ಅದು ಊರಲ್ವಾ?”

“ಲೆಕ್ಕ ಕೇಳುವವರು ಯಾರು ಸರ್? ಹನೀಫರಾ, ಅಮೆರಿಕದವರಾ?”

“ನೀನು ಎಂತ ಬೇಕಾದ್ರೂ ಹೇಳು. ಮನೆಗೆ ಬಂದು ತಾಯಿಯ ಕೈಯ ಊಟ ಮಾಡಿ ಮಲಗಿದವನನ್ನು ಫಾರಿನ್‌ನಲ್ಲಿದ್ದ ಅಂತ ನಾನು ಬರೆಯುವುದು ಹೇಗೆ? ಇಷ್ಟು ವರ್ಷ ಹೀಗೇ ಮಾಡಿದ್ದು.”

“ಇಷ್ಟು ವರ್ಷ ಮಾಡಿದ್ದು ಇಂಡಿಯಾದ ಲೆಕ್ಕ ಸರ್. ಅಲ್ಲಿ ಊರಿನ ದಿನ ಹೆಚ್ಚಾಗಬಾರದು, ಸರಿ. ಇಲ್ಲಿ ಹೆಚ್ಚಾಗಬಾರದ್ದು ಅಮೆರಿಕದ ದಿನ. ನೀವು ಬೀಗ ಬದಲಾಯಿಸಿದ್ದೀರಿ, ಬೀಗದ ಕೈ ಹಳೆಯದೇ.”

ಲವೀನಾ ಮೇಜು ತಟ್ಟಿದಳು. ಸರ್ ತಟ್ಟಲಿಲ್ಲ. ಕಂಪ್ಯೂಟರಿನ ಕಡೆ ತಿರುಗಿ, ನನಗೆ ಕಾಣದ ಹಾಗೆ ಪರದೆ ಸರಿಸಿ, ಅಮೆರಿಕದ ಆಫೀಸಿಗೆ ಬರೆದರು. ಉತ್ತರ ಬಂದದ್ದು ಮರುದಿನ, ಒಂದೇ ಸಾಲು: ಇಂಡಿಯಾವೂ ಹೊರದೇಶವೇ, ರಜೆಯೂ ನಡೆಯುತ್ತದೆ, ಇದರಲ್ಲಿ ಸಂದೇಹವೇನು?

ಅವರು ಅದನ್ನು ಮೂರು ಸಲ ಓದಿದ್ದನ್ನು ನಾನು ಗಾಜಿನಾಚೆಯಿಂದ ನೋಡಿದೆ. ಗೆದ್ದ ಮುಖ ಮಾಡಿಕೊಂಡು ಒಳಗೆ ಹೋದೆ. ಸರ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು.

“ಆ ಅಕ್ಕಿ ಮಿಲ್ಲಿನ ಎದುರಿನ ಅಳದಂಗಡಿಯ ಡಾಕ್ಟರ್ ನೆನಪುಂಟಾ ನಿನಗೆ?” ಎಂದರು. “ಕುವೈತಿನಲ್ಲಿದ್ದವರು. ತಂದೆ ತೀರಿಕೊಂಡಾಗ ಬಂದು, ಉತ್ತರಕ್ರಿಯೆಯ ಬೊಜ್ಜದವರೆಗೆ ನಿಲ್ಲಬಹುದಾ ಅಂತ ನನ್ನಲ್ಲಿ ಕೇಳಿದ್ರು. ನಾನು ದಿನ ಇಲ್ಲ ಅಂದೆ. ಸಂಸ್ಕಾರ ಮುಗಿಸಿ ಮರುದಿನವೇ ವಿಮಾನ ಹತ್ತಿದ್ರು.”

ನನ್ನ ಹತ್ತಿರ ಇನ್ನೂ ಎರಡು ವಾದಗಳು ಉಳಿದಿದ್ದವು. ಅವನ್ನು ಹೊತ್ತುಕೊಂಡೇ ನನ್ನ ಮೇಜಿಗೆ ವಾಪಸಾದೆ.

ಹನೀಫರಿಗೆ ಫೋನ್ ಮಾಡಿದ್ದು ನಾನೇ. ಸಂತೋಷದ ಸುದ್ದಿ ಎಂದು ನಂಬಿದ್ದೆ. ನೀವು ಬಂದು ರಜೆ ಮುಗಿಯುವವರೆಗೆ ನಿಲ್ಲಬಹುದು, ಅಮೆರಿಕದ ಪ್ರಕಾರ ಪಾಣೆಮಂಗಳೂರು ದೋಹಾದಷ್ಟೇ ಹೊರದೇಶ ಎಂದೆಲ್ಲ ಹೇಳಿದೆ.

“ಮೇಡಂ, ಸರ್ ಮೊದಲು ಹೇಳಿದ್ದೇ ಇರಲಿ ಬಿಡಿ.”

“ಅದು ತಪ್ಪು ಸರ್.”

“ತಪ್ಪಾದರೂ ಪರವಾಗಿಲ್ಲ.”

“ಹಾಗೆ ಹೇಗಾಗ್ತದೆ? ನಿಮಗೆ ನಷ್ಟ ಇಲ್ಲ, ಕಾನೂನಿನ ಅಡ್ಡಿ ಇಲ್ಲ. ಬಾರದೆ ಇರ್ಲಿಕ್ಕೆ ಈಗ ಕಾರಣವೇ ಇಲ್ವಲ್ಲ?”

“ಅದೇ ಮೇಡಂ,” ಎಂದರು ಅವರು. “ನಿಮ್ಮಿಂದಾಗಿ ಈಗ ಕಾರಣ ಇಲ್ಲದ ಹಾಗಾಯ್ತು.”

ಚರ್ಚೆಯಲ್ಲಿ ಎದುರಾಳಿಯ ಆಧಾರವನ್ನು ಎಳೆದುಹಾಕುವುದನ್ನು ನಾನು ಹತ್ತು ವರ್ಷ ಕಲಿತಿದ್ದೆ. ಆಧಾರ ಹೋದ ಮೇಲೆ ಎದುರಾಳಿ ಎಲ್ಲಿ ನಿಲ್ಲುತ್ತಾನೆ ಎಂಬುದು ಪಾಠದಲ್ಲಿರಲಿಲ್ಲ. ಸರ್ ಕೈ ಚಾಚಿದರು, ಫೋನು ಕೊಟ್ಟೆ. ಅವರು ದೈವದ ಕಥೆಯನ್ನೇನೂ ಹೇಳಲಿಲ್ಲ.

“ಹನೀಫ್, ಲೆಕ್ಕ ತಪ್ಪಿದ್ದು ನಾನು. ಅದು ನನ್ನ ತಲೆಗೆ ಇರಲಿ. ಆದ್ರೆ ನಿನ್ನ ತಂಗಿ ಮುಂದೆ ನೆನಪು ಮಾಡುವಾಗ ಅಮೆರಿಕದವರನ್ನು ನೆನಪು ಮಾಡುವುದಿಲ್ಲ, ನನ್ನನ್ನೂ ಮಾಡುವುದಿಲ್ಲ. ಅಣ್ಣ ಬರಲಿಲ್ಲ ಅಂತ ಮಾತ್ರ ಹೇಳ್ತಾಳೆ. ಟಿಕೆಟ್ ಮಾಡು.”

ಇಷ್ಟು ಹೇಳಿ ಇಟ್ಟರು. ಶೀಟಿನಿಂದ ಮೂರನೆಯ ಕಾಲಂ ತೆಗೆಯಲು ಲವೀನಾಳಿಗೆ ಹೇಳಿದರು. ಹಳೆಯ ಗಿರಾಕಿಗಳಲ್ಲಿ ಯಾರಿಗೆಲ್ಲ ರಿಟರ್ನ್ ತಿದ್ದಿ ಕೊಡಬಹುದು ಎಂದು ನೋಡಲು ನನಗೆ ಹೇಳಿದರು. ಕೆಲವರದು ತಿದ್ದಲಿಕ್ಕಾಯಿತು. ಬೊಜ್ಜಕ್ಕೆ ನಿಲ್ಲದೆ ಹೋದವರದು ಯಾವ ಫಾರ್ಮಿನಲ್ಲಿ ತಿದ್ದುವುದು?

ಹನೀಫ್ ಬರುತ್ತಾರೋ ಇಲ್ಲವೋ ನಮಗೆ ಕೊನೆಯವರೆಗೆ ಗೊತ್ತಾಗಲಿಲ್ಲ. ಫೋನ್ ಇಲ್ಲ, ಸಂದೇಶ ಇಲ್ಲ. ಮದುವೆಯ ಕಾಗದ ಮಾತ್ರ ಆಫೀಸಿಗೆ ಬಂತು. ಏಪ್ರಿಲ್ ಎಂದರೆ ಅಮೆರಿಕದ ರಿಟರ್ನುಗಳ ಗಡುವು, ನಮಗೆ ಉಸಿರಾಡಲೂ ಪುರುಸೊತ್ತಿಲ್ಲದ ತಿಂಗಳು. ಆದರೂ ಆ ಭಾನುವಾರ ನಾವು ಮೂವರೂ ಹೋದೆವು. ಮದುವೆ ಹಾಲ್‌ನಲ್ಲಿ ಸರ್ ಗಂಡಸರ ಕಡೆ ಹೋದರು. ಲವೀನಾ ಮತ್ತು ನಾನು ಹೆಂಗಸರ ಕಡೆ, ಪರದೆಯ ಈಚೆ ಕುಳಿತೆವು. ಅಲ್ಲಿಂದ ವೇದಿಕೆ ಕಾಣುವುದಿಲ್ಲ. ಮೈಕಿನಲ್ಲಿ ಗುರುಗಳ ಪ್ರಾರ್ಥನೆ ಕೇಳಿತು. ಆಮೇಲೆ ಯಾರೋ ಗಂಟಲು ಸರಿಮಾಡಿಕೊಂಡರು. ನನ್ನ ಮುಂದಿನ ಸಾಲಿನಲ್ಲಿ ಖತೀಜಮ್ಮ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು.

‘ನನ್ನ ತಂಗಿ ನಸೀಮಾಳನ್ನು…’ ಎಂದು ಮೈಕಿನಲ್ಲಿ ಬಂತು. ಒಮ್ಮೆ ತಡೆಯಿತು. ಮತ್ತೆ ಮುಂದುವರಿಯಿತು. ಫೋನಿನಲ್ಲಿ ಕೇಳಿದ್ದ ಸ್ವರವೇ.

ಊಟವಾದ ಮೇಲೆ ಹಾಲಿನ ಅಂಗಳದಲ್ಲಿ ಎಲ್ಲರೂ ಸೇರಿದೆವು. ಹನೀಫ್ ತಾಯಿಯ ಪಕ್ಕ ನಿಂತಿದ್ದರು. ತೆಳ್ಳಗಿನ ಮನುಷ್ಯ, ನಗಲೋ ಬೇಡವೋ ಎಂಬಂತೆ ನಗುತ್ತಿದ್ದರು. ಬಂದ ದಿನವೇ ತಾಯಿಗೆ ಎಲ್ಲ ಹೇಳಿದ್ದರಂತೆ. ವರನ ತಂದೆಗೂ ಹೇಳಿಯಾಗಿತ್ತು. ಹೆದರಿದ್ದು ಅಲ್ಲಿಗೇ ಅಲ್ಲವೇ? ಆ ಮನುಷ್ಯ ಈಗ ಹನೀಫರ ಹೆಗಲ ಮೇಲೆ ಕೈ ಹಾಕಿ ಬಿಡುತ್ತಲೇ ಇರಲಿಲ್ಲ. “ದೋಹಾ ಅಂತ ಮೊದಲೇ ಹೇಳುವುದಲ್ವಾ! ನೀನು ಅಮೆರಿಕದಲ್ಲಿದ್ರೆ ನಮಗೆ ಎಂತ ಪ್ರಯೋಜನ? ನನ್ನ ಎರಡನೆಯವನಿಗೆ ಅಲ್ಲಿ ಒಂದು ವೀಸಾ ನೋಡು,” ಎನ್ನುತ್ತಿದ್ದರು.

ನಾನು ಖತೀಜಮ್ಮನವರ ಹತ್ತಿರ ಹೋದೆ. “ಉಮ್ಮ, ಆ ದಿನ ಆಫೀಸಿನಲ್ಲಿ ನಿಮಗೆ ಹೇಳದೆ ಇದ್ದದ್ದಕ್ಕೆ ಬೇಜಾರು ಮಾಡಬೇಡಿ. ಹೇಳುವ ಹಾಗಿರಲಿಲ್ಲ.”

“ನೀನು ಹೇಳುವುದೆಂತ ಮಗಳೇ? ನನಗೆ ಮಳೆಗಾಲದಲ್ಲೇ ಗೊತ್ತುಂಟು.”

ಹನೀಫ್ ತಿರುಗಿ ನೋಡಿದರು.

“ಮೊದಲೆಲ್ಲ ನಾನು ಮಧ್ಯಾಹ್ನ ಫೋನ್ ಮಾಡಿದ್ರೆ ಇವನು ನಿದ್ದೆಗಣ್ಣಲ್ಲಿ ಬೈತಿದ್ದ. ಆಮೇಲೆ ನೋಡಿದ್ರೆ ಇವನ ಕಿಟಕಿಯಲ್ಲಿಯೂ ಬಿಸಿಲು. ಒಂದು ದಿನ ಮಾತಾಡುವಾಗ ಹಿಂದಿನಿಂದ ಮಸೀದಿಯ ಮೈಕಿನಲ್ಲಿ ಬಾಂಗ್ ಕೇಳಿತು. ಇವನಿದ್ದ ಅಮೆರಿಕದ ಬೀದಿಯಲ್ಲಿ ಮೈಕಿನಲ್ಲಿ ಬಾಂಗ್ ಕೊಡ್ತಾರಾ? ಮೂವತ್ತು ವರ್ಷ ಗಲ್ಫಿನ ಫೋನ್ ಹಿಡಿದವಳು ನಾನು. ಇವನ ಬಾಪ ಅಲ್ಲೇ ದುಡಿದು ಇವನನ್ನು ಓದಿಸಿದ್ದು. ಅದನ್ನು ನನ್ನಿಂದ ಅಡಗಿಸ್ತಾನೆ!”

“ಮತ್ತೆ ನೀವು ಆಫೀಸಿಗೆ ಬಂದು ಕೇಳಿದ್ದು?”

“ಅವನಿಗೆ ನೆಪ ಕೊಟ್ಟವರು ಯಾರು ಅಂತ ನೋಡ್ಲಿಕ್ಕೆ.”

ಜಯರಾಮ ಸರ್ ಕೈಯಲ್ಲಿದ್ದ ಐಸ್‌ಕ್ರೀಮಿನ ಕಪ್ಪನ್ನೇ ನೋಡುತ್ತಾ ನಿಂತರು.

“ಇವರು ಎಲ್ಲ ಹೇಳಿದಾಗ ನೀವೆಂತ ಹೇಳಿದ್ರಿ?” ಎಂದು ಲವೀನಾ ಕೇಳಿದಳು.

“ಊಟ ಮಾಡು ಅಂದೆ,” ಎಂದರು ಖತೀಜಮ್ಮ. ಆಮೇಲೆ ನನ್ನ ಕಡೆ ತಿರುಗಿ, “ಈಗ ಹೇಳು. ಎಲ್ಲಿ ಬರೆದುಂಟು ಅಂತ ನೋಡಿದ್ಯಲ್ಲ? ಇವನು ಎಷ್ಟು ದಿನ ನಿಲ್ಲಬಹುದು?”

“ಅಮೆರಿಕದವರ ಅಡ್ಡಿ ಏನೂ ಇಲ್ಲ ಉಮ್ಮ. ರಜೆ ಇರುವಷ್ಟು ದಿನ ನಿಲ್ಲಬಹುದು.”

“ಅಮೆರಿಕದ್ದು ಸರಿ,” ಎಂದರು ಸರ್, ತಡೆಯಲಾರದೆ. “ಆದ್ರೆ ಖತೀಜಕ್ಕ, ಇಂಡಿಯಾದ ಲೆಕ್ಕ ಬೇರೆ ಉಂಟು. ಒಂದೇ ವರ್ಷದಲ್ಲಿ ಇವನು ಊರಿನಲ್ಲಿ ತುಂಬ ದಿನ ನಿಂತರೆ ಆಗ…”

ಈ ಸಲ ಅವರು ಹೇಳುತ್ತಿದ್ದದ್ದು ಅಕ್ಷರಶಃ ಸರಿಯಾಗಿತ್ತು. ಬೇಕಾದರೆ ನಾನು ಆಧಾರ ತೋರಿಸಬಲ್ಲವಳಾಗಿದ್ದೆ.

“ಜಯರಾಮಣ್ಣ,” ಎಂದರು ಖತೀಜಮ್ಮ, “ಐಸ್‌ಕ್ರೀಮ್ ಕರಗ್ತಾ ಉಂಟು. ತಿನ್ನಿ.”

ಅವರು ತಿಂದರು. ನಾನೂ ತಿಂದೆ.